ಬಳೆಗಾರನ ಬಿಡದ ಕೈ

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಸಂಶಯದ ಮನುಷ್ಯ. ಅಂಗಡಿಯವನು ತೂಕ ಹಾಕಿದರೆ ನನ್ನ ಕಣ್ಣು ತಕ್ಕಡಿಯ ತಳಕ್ಕೆ ಹೋಗುತ್ತದೆ. ಬಸ್ಸು ಐದು ನಿಮಿಷ ಮೊದಲೇ ಬಂದರೆ ಹತ್ತುವ ಮುನ್ನ ಬೋರ್ಡನ್ನು ಎರಡು ಸಲ ಓದುತ್ತೇನೆ. ಇಂಥವನ ಎಡಗೈ ಅವನ ಮಾತನ್ನೇ ಕೇಳದೆ ಹೋದರೆ ಏನಾಗಬೇಕು? ಊರಿನವರನ್ನೆಲ್ಲ ಸಂಶಯಿಸಿದೆ. ಕೈಯೊಂದನ್ನೇ ಬಿಟ್ಟಿದ್ದೆ.

ನನ್ನ ಹೆಸರು ಮೆಹಬೂಬ. ಊರು ತಿಕೋಟಾ. ಅಪ್ಪನಂತೆ ನಾನೂ ಬಳೆಗಾರ. ಮದುವೆ, ಬಸುರಿಯ ಕುಬುಸ, ಕೂಸಿನ ತೊಟ್ಟಿಲು ಎಂದು ಕರೆ ಬಂದ ಕಡೆಗೆಲ್ಲ ಮೋಟಾರ್ ಸೈಕಲ್ಲಿಗೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತೇನೆ. ಸಾರವಾಡ, ಬಬಲೇಶ್ವರ, ಅರಕೇರಿ, ಕಳ್ಳಕವಟಗಿ, ಎಲ್ಲ ಕಡೆ ಹೆಣ್ಣುಮಕ್ಕಳು ನನ್ನನ್ನು ಮಾಮಾ ಅನ್ನುತ್ತಾರೆ. ಗಾಜಿನ ಬಳೆ ತೊಡಿಸುವುದು ಸುಲಭದ ಕೆಲಸವಲ್ಲ. ಎಡಗೈಯಲ್ಲಿ ಅವರ ಕೈ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳನ್ನು ಒತ್ತಿ ಸಣ್ಣ ಮಾಡಿ, ಬಲಗೈಯಿಂದ ಬಳೆ ಏರಿಸಬೇಕು. ಬಳೆ ಗೆಣ್ಣು ದಾಟಿದ ಕ್ಷಣವೇ ಹಿಡಿತ ಬಿಡಬೇಕು. ಪರರ ಮನೆಯ ಹೆಣ್ಣುಮಗಳ ಕೈಯನ್ನು ಅವಳ ಗಂಡನ, ಅಣ್ಣನ, ಅತ್ತೆಯ ಎದುರಿಗೇ ಹಿಡಿಯುವ ಹಕ್ಕು ಬಳೆಗಾರನಿಗೊಬ್ಬನಿಗೇ ಇದೆ. ಆ ಹಕ್ಕು ನಿಂತಿರುವುದು ನಾವು ಹಿಡಿಯುವುದರ ಮೇಲಲ್ಲ, ಬಿಡುವುದರ ಮೇಲೆ.

ಶುರುವಾದದ್ದು ಚಳಿಗಾಲದಲ್ಲಿ. ಬೆಳಿಗ್ಗೆ ಕ್ಲಚ್ ಹಿಡಿದರೆ ಬೆರಳು ಬಿಚ್ಚಿಕೊಳ್ಳಲು ತಡವಾಗುತ್ತಿತ್ತು. ಕ್ಲಚ್ ಕೇಬಲ್ ಹಾಳಾಗಿದೆ ಎಂದು ಮೆಕ್ಯಾನಿಕ್ ಜೊತೆ ಜಗಳವಾಡಿದೆ. ಹೋಟೆಲಿನಲ್ಲಿ ನೀರಿನ ಲೋಟ ಕೈಗೆ ಅಂಟಿದಂತಾಯಿತು. ಲೋಟ ತೊಳೆದಿಲ್ಲ ಎಂದು ಮಾಲೀಕನನ್ನು ಬೈದೆ. ಒಂದು ದಿನ ಅಂಗಳದಲ್ಲಿ ಬಕೆಟ್ ಎತ್ತಿಟ್ಟ ಮೇಲೂ ಮುಷ್ಟಿ ಹಾಗೇ ಉಳಿದಾಗ, ಯಾರೋ ಆಗದವರು ಮಾಟ ಮಾಡಿಸಿದ್ದಾರೆ ಅನ್ನಿಸಿತು. ಬಳೆ ವ್ಯಾಪಾರವನ್ನೇ ಮಾಡುವ ದೊಡ್ಡಪ್ಪನ ಮಗನ ಮೇಲೆ ಕಣ್ಣಿಟ್ಟೆ. ಅವನು ಕೊಟ್ಟ ಪೇಡೆಯನ್ನು ತಿನ್ನದೆ ಜೇಬಿಗೆ ಹಾಕಿಕೊಂಡು ಬಂದೆ. ಅದನ್ನು ನಾಯಿಗೂ ಹಾಕಲಿಲ್ಲ, ಪಾಪ ನಾಯಿಗೇನಾದರೂ ಆದೀತೆಂದು.

ಆಮೇಲೆ ಸಾರವಾಡದ ಕುಬುಸ ಬಂತು.

ಸಾರವಾಡದ ಗೌರವ್ವ ಅಪ್ಪನ ಕಾಲದಿಂದ ನಮಗೆ ಬೇಕಾದವಳು. ಅವಳ ಮಗಳು ಸವಿತಾಗೆ ಏಳು ತಿಂಗಳು. ಮುತ್ತೈದೆಯರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಆ ಕೊರೆಯುವ ಚಳಿಯಲ್ಲಿ ಮೋಟಾರ್ ಸೈಕಲ್ ಮೇಲೆ ಬಂದವನು ಕೈಯನ್ನೂ ಉಜ್ಜಿಕೊಳ್ಳದೆ ಪೆಟ್ಟಿಗೆ ಬಿಚ್ಚಿದೆ. ಮೊದಲ ಕೈ ಬಸುರಿಯದೇ ಆಗಬೇಕು. ಹಸಿರು ಬಳೆ ತೆಗೆದು, ಸವಿತಾಳ ಕೈ ಹಿಡಿದು, ಒತ್ತಿ, ಮೂರು ಬಳೆ ಒಟ್ಟಿಗೇ ಏರಿಸಿದೆ. ಬಳೆ ಮಣಿಕಟ್ಟಿಗೆ ಹೋಗಿ ಕೂತವು. ನನ್ನ ಎಡಗೈ ಬಿಡಲಿಲ್ಲ.

"ಮಾಮಾ, ಆತಲ್ರಿ. ಬಿಡ್ರಿ," ಅಂದಳು ಸವಿತಾ.

ಬಿಡಬೇಕೆಂದು ನನಗಿಲ್ಲವೇ? ಬೆರಳಿಗೆ ಹೇಳುತ್ತಿದ್ದೇನೆ, ಬೆರಳು ಕೇಳುತ್ತಿಲ್ಲ. ಹೆಂಗಸರ ಮಾತು ಒಂದೊಂದಾಗಿ ನಿಂತಿತು. ಬಾಗಿಲಲ್ಲಿ ನಿಂತಿದ್ದ ಅವಳ ಅಣ್ಣ ಈರಣ್ಣ ಒಂದು ಹೆಜ್ಜೆ ಒಳಗೆ ಇಟ್ಟ. ಆಗ ನಾನು ಮಾಡಿದ ತಪ್ಪು ಬಳೆಗಾರನೊಬ್ಬನೇ ಮಾಡಬಹುದಾದ ತಪ್ಪು. ಶುಭದ ಮನೆಯಲ್ಲಿ ನಾವು ಕೆಟ್ಟ ಮಾತು ಆಡುವುದಿಲ್ಲ. ಬಳೆ ಒಡೆದರೂ ಒಡೆಯಿತು ಎನ್ನದೆ ಹೆಚ್ಚಾಯಿತು ಎನ್ನುವವರು. ಅಂಥದ್ದರಲ್ಲಿ ಬಸುರಿಯ ಕೈ ಹಿಡಿದುಕೊಂಡು 'ನನ್ನ ಕೈಗೆ ಏನೋ ರೋಗ ಐತಿ' ಅಂತ ಹೇಗೆ ಹೇಳಲಿ? ಬಾಯಿಗೆ ಬಂದ ಸುಳ್ಳು ಹೇಳಿದೆ.

"ತಡಿಯವಾ, ಬಳಿ ಸಿಕ್ಕಾವ."

ಬಳೆ ಮಣಿಕಟ್ಟಿನಲ್ಲಿ ಆರಾಮಾಗಿ ಕೂತಿದ್ದನ್ನು ಎಲ್ಲರೂ ನೋಡುತ್ತಿದ್ದರು. ಸವಿತಾ ಹೆದರಿ ಕೈ ಕಿತ್ತುಕೊಂಡಳು. ಒಂದು ಬಳೆ ಹೆಚ್ಚಾಯಿತು, ಅವಳ ಕೈಗೆ ಗೀರಿ ರಕ್ತ ಬಂತು. ಗೌರವ್ವ ದೇವರ ಹೆಸರು ಹೇಳುತ್ತ ಸೆರಗಿನಿಂದ ಒರೆಸಿದಳು. ಈರಣ್ಣ ಕೂಗಾಡಲಿಲ್ಲ. ನನ್ನ ಪೆಟ್ಟಿಗೆಯನ್ನು ತಾನೇ ಮುಚ್ಚಿ, ಹೊರಗೆ ತಂದು ಗಾಡಿಯ ಮೇಲಿಟ್ಟ.

"ಬಳಿ ಸಿಕ್ಕಿದ್ದಿಲ್ಲ ಮಾಮಾ. ನನಗೂ ಕಣ್ಣ ಅದಾವ," ಅಂದ.

ಅಲ್ಲಿಂದ ಸುದ್ದಿ ನನ್ನ ಗಾಡಿಗಿಂತ ಜೋರಾಗಿ ಓಡಿತು. ಅರಕೇರಿಯ ಮದುವೆಗೆ ಬೇರೆಯವರನ್ನು ಕರೆಸಿದರು. ಬಬಲೇಶ್ವರದವರು ಫೋನ್ ಎತ್ತುವುದನ್ನೇ ಬಿಟ್ಟರು. ಇಪ್ಪತ್ತು ವರ್ಷ ಕೈ ಒಡ್ಡಿದ ಹೆಂಗಸರು ಸಂತೆಯಲ್ಲಿ ನನ್ನನ್ನು ಕಂಡರೆ ಸೆರಗಿನೊಳಗೆ ಕೈ ಎಳೆದುಕೊಳ್ಳುತ್ತಿದ್ದರು. ಅವರನ್ನು ನಾನು ಬೈಯಲಾರೆ. ಇನ್ನೊಬ್ಬರ ವಿಷಯದಲ್ಲಿ ಇದೇ ಸುದ್ದಿ ಕೇಳಿದ್ದರೆ ಮೊದಲು ನಂಬುತ್ತಿದ್ದವನು ನಾನೇ. ಆದರೆ ಅನ್ನ ಸೇರುತ್ತಿರಲಿಲ್ಲ. ಇನ್ನು ಯಾವ ಹೆಣ್ಣುಮಗಳೂ ನಂಬಿ ನನ್ನ ಕೈಯಲ್ಲಿ ಕೈ ಇಡುವುದಿಲ್ಲವೇನೋ ಎಂಬ ಅಂಜಿಕೆ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು.

ಮನೆಯಲ್ಲಿ ಹೆಂಡತಿ ಜೈತೂನ ಏನೂ ಕೇಳಲಿಲ್ಲ. ಅದೇ ನನಗೆ ಸಂಶಯ. ಮೂರನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಬಂದು ಕೈ ಚಾಚಿದಳು. ನಮ್ಮ ಮನೆಮಾತು ಬೇರೆ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಹಿಡಿ."

"ಯಾಕ?"

"ಹಿಡಿ ಅಂದ್ರ ಹಿಡಿ. ಗಟ್ಟಿ ಹಿಡಿದು ಬಿಡು."

ಹಿಡಿದೆ. ಬಿಡಲು ಹೋದರೆ ಬೆರಳು ನಿಧಾನಕ್ಕೆ, ಒಣಗಿದ ಹಗ್ಗದ ಗಂಟಿನಂತೆ ಬಿಚ್ಚಿಕೊಂಡವು. ಮತ್ತೆ ಹಿಡಿ ಅಂದಳು. ಮತ್ತೆ, ಮತ್ತೆ. ಹೀಗೆ ದಿನಾ ನಡೆಯಿತು. ಆಮೇಲೆ ಹೊರಗೆ ಹೋಗಿ ಫೋನಿನಲ್ಲಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. ನಾನು ಬಂದರೆ ಇಟ್ಟುಬಿಡುತ್ತಿದ್ದಳು. ತವರಿಗೆ ನನ್ನ ಮೇಲೆ ಚಾಡಿ ಹೇಳುತ್ತಿದ್ದಾಳೆ, ಅಣ್ಣಂದಿರನ್ನು ಕರೆಸುತ್ತಾಳೆ ಎಂದು ಲೆಕ್ಕ ಹಾಕಿದೆ. ವಾರ ಕಳೆದ ಮೇಲೆ ಅವಳೇ ಹೇಳಿದಳು.

"ಮೊದಲನೇ ಸಲ ಕೈ ಬಿಡವಲ್ದು. ಹತ್ತನೇ ಸಲಕ್ಕ ನೆಟ್ಟಗ ಬಿಡತೈತಿ. ದಿನಾ ಹಂಗ. ಮನಸಿನ್ಯಾಗ ಕೆಟ್ಟದ್ದಿದ್ದಾಂವನ ಕೈ ಹಿಂಗ ಲೆಕ್ಕ ಇಟ್ಟು ಬಿಡೂದಿಲ್ಲ. ಇದು ಜಡ್ಡ. ನಡಿ ವಿಜಯಪುರಕ್ಕ."

ನನ್ನ ರೋಗವನ್ನು ಮೊದಲು ಹಿಡಿದವಳು ಅವಳೇ. ನಾನು ಅವಳ ಮೇಲೇ ಸಂಶಯಪಡುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ವಿಜಯಪುರದಲ್ಲಿ ಮೊದಲು ಎಲುಬಿನ ಡಾಕ್ಟರ ಹತ್ತಿರ ಹೋದೆವು. ಅವರು ಕತ್ತಿನಲ್ಲಿ ನರ ಒತ್ತಿದೆ ಎಂದು ಪಟ್ಟಿ ಹಾಕಿಸಿದರು, ಕೆಂಪು ಗುಳಿಗೆ ಕೊಟ್ಟರು. ಒಂದು ತಿಂಗಳು ಕತ್ತಿಗೆ ಪಟ್ಟಿ ಕಟ್ಟಿಕೊಂಡು ತಿರುಗಿದೆ. ತಪ್ಪು ಮಾಡಿದವನ ಕತ್ತನ್ನು ಯಾರೋ ತಿರುಚಿದ್ದಾರೆ ಎಂದು ಜನ ನಕ್ಕಿರಬೇಕು. ಕೈ ಮಾತ್ರ ಹಾಗೇ ಇತ್ತು.

ಆಮೇಲೆ ನರರೋಗದ ಡಾಕ್ಟರು. ಅವರ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಮೂರು ತಾಸು ಕೂತಿದ್ದೆವು. ಅಲ್ಲಿ ಎಲ್ಲರೂ ಒಬ್ಬರ ಫೈಲನ್ನು ಒಬ್ಬರು ಓರೆಗಣ್ಣಿನಿಂದ ಓದುತ್ತಾರೆ. ಪಕ್ಕದಲ್ಲಿ ಕೂತ ಅಜ್ಜಿ ನನ್ನ ಕೈಕಾಲು ನೋಡಿ, "ನಿನಗೇನಾಗೇತೋ ಯಪ್ಪಾ, ಗುಂಡಕಲ್ಲ ಇದ್ದಂಗ ಅದಿ," ಅಂದಳು. ಸಂಕಟವೆಂದರೆ ಅದು ನಿಜ. ನನ್ನ ತೋಳು ಪೈಲ್ವಾನನ ತೋಳಿನಂತೆ. ಇದೂ ಈ ರೋಗದ ಗುಣವೇ ಎಂದು ಆಮೇಲೆ ತಿಳಿಯಿತು. ಬಿಡುವು ಕಡಿಮೆಯಾದ ಸ್ನಾಯು ಸುಮ್ಮಸುಮ್ಮನೆ ದುಡಿದು ಮೈ ಬೆಳೆಸಿಕೊಳ್ಳುತ್ತದಂತೆ. ರೋಗಿಯೆಂದು ಯಾರೂ ನಂಬದ ರೋಗ ನನಗೇ ಬರಬೇಕೇ?

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಒಳಗೆ ಹೋದ ಕೂಡಲೇ ಎದ್ದು ಕೈ ಚಾಚಿದರು.

"ಕೈ ಕೊಡ್ರಿ."

ಸಾರವಾಡದ ಸುದ್ದಿ ಇವರಿಗೂ ಮುಟ್ಟಿದೆ, ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ.

"ನಾ ಹೆಣ್ಣಮಕ್ಕಳ ಕೈ ಹಿಡಿಯೂದು ಬಿಟ್ಟೇನಿ ಮೇಡಂ."

ಜೈತೂನ ತಲೆ ಚಚ್ಚಿಕೊಂಡು ಎಲ್ಲ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. ಕೈ ಹಿಡಿಸಿ ನೋಡಿದರು, ಕೈ ಸಿಕ್ಕಿಕೊಂಡಿತು. ಅವರು ತಮ್ಮ ಕೈ ಕಿತ್ತುಕೊಳ್ಳದೆ, ಗಡಿಯಾರ ನೋಡುತ್ತ, ಅದು ತಾನಾಗಿ ಬಿಡುವವರೆಗೆ ಸುಮ್ಮನೆ ನಿಂತರು. ಸಾರವಾಡದ ನಂತರ ನನ್ನ ಕೈಯಲ್ಲಿ ಕೈಯಿಟ್ಟು ಹೆದರದೆ ನಿಂತ ಹೊರಗಿನವರು ಅವರೊಬ್ಬರೇ. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಸಣ್ಣ ಸುತ್ತಿಗೆಯಿಂದ ನನ್ನ ಹೆಬ್ಬೆರಳ ಬುಡಕ್ಕೆ ಕುಟ್ಟಿದರು. ಹೆಬ್ಬೆರಳು ತಾನಾಗಿ ಒಳಗೆ ಬಾಗಿತು, ಹಾಗೇ ನಿಂತಿತು, ಆಮೇಲೆ ಸಾವಕಾಶವಾಗಿ ಮರಳಿತು. ನನ್ನದೇ ಬೆರಳು, ನನ್ನನ್ನು ಕೇಳದೆ.

ಕೊನೆಗೆ ಸೂಜಿಯ ಪರೀಕ್ಷೆ. ಸ್ನಾಯುವಿಗೆ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸುತ್ತಾರೆ. ಯಂತ್ರ ಸ್ನಾಯುವಿನ ಸದ್ದನ್ನು ಕೇಳಿಸುತ್ತದೆ. ಸುಮ್ಮನೆ ಮಲಗಿದ್ದೆ, ಬೆರಳನ್ನೂ ಅಲ್ಲಾಡಿಸಿರಲಿಲ್ಲ. ಆದರೂ ಒಳಗಿನಿಂದ ಮೋಟಾರ್ ಸೈಕಲ್ಲಿಗೆ ಆಕ್ಸಿಲರೇಟರ್ ಕೊಟ್ಟು ಬಿಟ್ಟಂತೆ ಬುರ್ರ್ ಎಂದು ಏರಿ, ಇಳಿದು, ಮತ್ತೆ ಏರಿತು. ಹೊರಗೆ ಯಾರದೋ ಗಾಡಿ ಎಂದು ಕಿಟಕಿಯತ್ತ ನೋಡಿದೆ.

"ಹೊರಗಲ್ರೀ, ನಿಮ್ಮ ಕೈಯಾಗ," ಅಂದರು ಡಾಕ್ಟರಮ್ಮ.

ಅವರು ತಿಳಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಾವು ಸ್ನಾಯು ಎನ್ನುವುದು ಒಂದು ಗಟ್ಟಿ ಮುದ್ದೆಯಲ್ಲ. ಅದು ಎಳೆಗಳ ಕಟ್ಟು. ಎಳೆಯೊಳಗೆ ಇನ್ನೂ ಸಣ್ಣ ಎಳೆ, ಅದರೊಳಗೆ ದಪ್ಪನೆಯ ಒಂದು, ತೆಳ್ಳನೆಯ ಒಂದು ದಾರ ಒಂದರ ಪಕ್ಕ ಒಂದು. ನರದಿಂದ ಅಪ್ಪಣೆ ಬಂದಾಗ ದಪ್ಪನೆಯದು ತೆಳ್ಳನೆಯದನ್ನು ಹಿಡಿದು ಹಿಡಿದು ಎಳೆಯುತ್ತದೆ. ಎರಡೂ ಕೈಗಳ ಬೆರಳುಗಳನ್ನು ಒಂದರ ಸಂದಿನಲ್ಲಿ ಒಂದು ತೂರಿಸಿ ತೋರಿಸಿದರು. ಯಾವ ದಾರವೂ ಗಿಡ್ಡಾಗುವುದಿಲ್ಲ, ಒಂದರೊಳಗೆ ಒಂದು ಸರಿಯುತ್ತವೆ, ಅಷ್ಟೇ. ಕೈ ಮುಷ್ಟಿಯಾಗುತ್ತದೆ. ಅಪ್ಪಣೆ ನಿಂತಾಗ ಹಿಂದೆ ಸರಿಯಬೇಕು.

"ಹಿಡಿಯೂದು ಅಷ್ಟ ಕೆಲಸ ಅಂತ ತಿಳ್ಕೊಂಡೀರಿ. ಬಿಡೂದೂ ಕೆಲಸನ. ನಿಮ್ಮ ನರ ಸುಮ್ಮನಾದ್ರೂ ಸ್ನಾಯು ಸುಮ್ಮನಾಗವಲ್ದು. ತಾನ ಅಪ್ಪಣಿ ಕೊಟ್ಕೋತ ಕುಂತಿರತೈತಿ. ಇದಕ್ಕ ಮಯೋಟೋನಿಯಾ ಅಂತಾರ."

ಇದು ಹುಟ್ಟಿನಿಂದಲೇ ಸಣ್ಣಗೆ ಇದ್ದಿರಬೇಕು, ವಂಶದಲ್ಲಿ ಬರುತ್ತದೆ, ಚಳಿಗೂ ವಿಶ್ರಾಂತಿಗೂ ಹೆಚ್ಚಾಗುತ್ತದೆ, ಬಳಸುತ್ತ ಹೋದರೆ ಸಡಿಲವಾಗುತ್ತದೆ ಎಂದರು. ನಮ್ಮ ಮಗಳ ಕೈಯನ್ನೂ ಒಮ್ಮೆ ತೋರಿಸಿ ಎಂದರು. ಮನೆಗೆ ಬಂದು ಮಗಳು ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವುದನ್ನು ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದೆವು. "ಏನಾತು, ಹಂಗ್ಯಾಕ ನೋಡಾಕತ್ತೀರಿ?" ಅಂತ ರೇಗಿದಳು. ಅವಳದು ಸದ್ಯಕ್ಕೆ ನೆಟ್ಟಗಿದೆ. ನಾನು ಇನ್ನೂ ನೋಡುತ್ತಲೇ ಇದ್ದೇನೆ.

ಗುಳಿಗೆಯದು ಇನ್ನೊಂದು ಕತೆ. ಔಷಧದ ಅಂಗಡಿಯವನು ಚೀಟಿ ನೋಡಿ, "ಯಾರಿಗ್ರಿ ಹಾರ್ಟ್ ಪ್ರಾಬ್ಲೆಮ್ಮು?" ಎಂದು ಕೇಳಿದ. ಅಷ್ಟೇ ಸಾಕಾಯಿತು. ಪರೀಕ್ಷೆಯಲ್ಲಿ ಎದೆಯ ಇಸಿಜಿಯನ್ನೂ ತೆಗೆಸಿದ್ದರಲ್ಲ! ನನಗೆ ಹೃದಯದ ರೋಗವಿದೆ, ಡಾಕ್ಟರಮ್ಮ ಮತ್ತು ಜೈತೂನ ಸೇರಿ ಮುಚ್ಚಿಟ್ಟಿದ್ದಾರೆ ಎಂದು ಎರಡು ದಿನ ಗುಳಿಗೆ ಮುಟ್ಟಲಿಲ್ಲ. ಮಗಳ ಮದುವೆಯ ಬಗ್ಗೆ ತಮ್ಮನಿಗೆ ಫೋನ್ ಮಾಡಿ ಕೊನೆಯ ಮಾತಿನಂತೆ ಏನೇನೋ ಹೇಳಿಬಿಟ್ಟೆ. ಜೈತೂನ ನನ್ನನ್ನು ಎಳೆದುಕೊಂಡು ಮತ್ತೆ ವಿಜಯಪುರಕ್ಕೆ ಹೋದಳು. ಎದೆಬಡಿತ ತಪ್ಪಿದವರಿಗೆ ಕೊಡುವ ಗುಳಿಗೆಯೇ ಇಂಥ ಸ್ನಾಯುವನ್ನೂ ಶಾಂತ ಮಾಡುತ್ತದೆ, ಅದಕ್ಕೇ ಮೊದಲು ನಿಮ್ಮ ಎದೆ ನೆಟ್ಟಗಿದೆಯೇ ಎಂದು ನೋಡಿದ್ದು, ಎಂದು ಡಾಕ್ಟರಮ್ಮ ವಿವರಿಸಿದರು. ಆಗ ನುಂಗಿದೆ. ಕೈ ದಿನದಿಂದ ದಿನಕ್ಕೆ ಹಗುರಾಯಿತು.

ಕೈ ಹಗುರಾದರೇನು, ಹಿಡಿಯಲು ಕೈ ಬೇಕಲ್ಲ. ಡಾಕ್ಟರಮ್ಮನಿಂದ ಒಂದು ಪತ್ರ ಬರೆಸಿಕೊಂಡು, ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟುಕೊಂಡು ತಿರುಗಿದೆ. ಅದು ಇಂಗ್ಲಿಷಿನಲ್ಲಿತ್ತು. ಅರಕೇರಿಯಲ್ಲಿ ಒಬ್ಬ ಓದಿ, "ರೊಕ್ಕ ಕೊಟ್ರ ಏನ ಬೇಕಾದ್ದ ಬರದ ಕೊಡ್ತಾರ ಬಿಡು," ಅಂದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಬಿಸಿಲು ಏರುವ ದಿನಗಳಲ್ಲಿ ಜೈತೂನ ಒಂದು ಬೆಳಿಗ್ಗೆ ಬಳೆಯ ಪೆಟ್ಟಿಗೆಯನ್ನು ಒರೆಸಿ ಗಾಡಿಗೆ ಕಟ್ಟಿದಳು. ಸವಿತಾಗೆ ಮಗಳು ಹುಟ್ಟಿದ್ದಾಳೆ, ಇವತ್ತು ಸಾರವಾಡದಲ್ಲಿ ತೊಟ್ಟಿಲು, ಗೌರವ್ವ ಇಬ್ಬರನ್ನೂ ಬರಹೇಳಿದ್ದಾಳೆ ಅಂದಳು. ಅಷ್ಟು ದಿನ ಸಣ್ಣ ದನಿಯಲ್ಲಿ ಫೋನ್ ಮಾಡುತ್ತಿದ್ದದ್ದು ತವರಿಗಲ್ಲ, ಗೌರವ್ವನಿಗೆ. ಕೂಸು ಸುಖವಾಗಿ ಹುಟ್ಟಿತೆಂದು ಕೇಳಿ ನನಗೆ ಮೊದಲ ಸಲ ನೆಟ್ಟಗೆ ಉಸಿರು ಬಂತು. ಆ ಹೆಚ್ಚಾದ ಬಳೆ ನನ್ನ ಕನಸಿನಲ್ಲೂ ಬರುತ್ತಿತ್ತು.

ಪಡಸಾಲೆಯಲ್ಲಿ ಅದೇ ಹೆಂಗಸರು. ಬಾಗಿಲಲ್ಲಿ ಅದೇ ಈರಣ್ಣ. ನಾನು ಪತ್ರ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

"ಕಾಗದ ಯಾಕ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ನನ್ನ ಕೈ ಹಿಡಿ. ನೋಡೂಣು."

ಹಿಡಿದೆ. ಹಾಳಾದ ಕೈ, ಬೇಸಿಗೆಯ ಬಿಸಿಗೂ ಗುಳಿಗೆಯ ಗುಣಕ್ಕೂ ಹೂವಿನಂತೆ ಬಿಚ್ಚಿಕೊಂಡಿತು. ಬೇಡವಾದಾಗ ಬಿಡಲಿಲ್ಲ, ಬೇಕಾದಾಗ ಹಿಡಿಯಲಿಲ್ಲ. ಈರಣ್ಣ ತನ್ನ ಕೈ ನೋಡಿಕೊಂಡ.

"ನೆಟ್ಟಗ ಐತಲ್ಲ. ಗಂಡಸರ ಕೈ ಬಿಡತೈತಿ ಅಂದಂಗಾತು."

ಪೆಟ್ಟಿಗೆ ಎತ್ತಿಕೊಂಡು ಹೊರಡಬೇಕೆಂದು ತಿರುಗಿದೆ. ಆಗ ಗೌರವ್ವ ಕೂತಲ್ಲಿಂದಲೇ ಮಾತಾಡಿದಳು.

"ತಡೀಲೇ ಈರ್‍ಯಾ. ಇವರಪ್ಪ ಬಿಸಿ ಚಾ ಬಾರದ ಪೆಟ್ಟಿಗಿ ಬಿಚ್ಚತಿರಲಿಲ್ಲ. ಕಪ್ಪ ಎರಡೂ ಅಂಗೈಯಾಗ ಹಿಡಕೊಂಡು ಆರೂತನ ಕುಂಡರತಿದ್ದ. ಆಮ್ಯಾಲ ಮುಷ್ಟಿ ಮುಚ್ಚತಿದ್ದ, ತಗೀತಿದ್ದ. ಈ ಸಾಬಗ ಚಾದ ಆಸೆ ಭಾಳ ಅಂತ ನಾವು ನಗತಿದ್ದಿವಿ. ಅವಂದೂ ಇದ ಜಡ್ಡ ಇತ್ತೇನೋ."

ನಾನು ಅಲ್ಲೇ ಕೂತುಬಿಟ್ಟೆ. ಅಪ್ಪನ ಆ ಚಹಾ ನನಗೂ ಗೊತ್ತಿತ್ತು. ನಾನೂ ಅದನ್ನು ಆಸೆಬುರುಕತನ ಎಂದೇ ತಿಳಿದಿದ್ದೆ. ಜೀವಮಾನವಿಡೀ ಅವನು ಈ ಕೈಯನ್ನು ಬಚ್ಚಿಟ್ಟುಕೊಂಡು, ಆಸೆಬುರುಕ ಅನ್ನಿಸಿಕೊಂಡು, ಒಂದು ದಿನವೂ ಯಾರ ಕೈಯನ್ನೂ ಹೆಚ್ಚು ಹೊತ್ತು ಹಿಡಿಯದೆ ದುಡಿದು ಹೋಗಿದ್ದ. ನನಗೂ ಒಂದು ಮಾತು ಹೇಳಿರಲಿಲ್ಲ.

ಜೈತೂನ ಸುಮ್ಮನಿರಲಿಲ್ಲ. ಶರಬತ್ತಿಗೆ ತಂದಿದ್ದ ಬರ್ಫದ ಬೋಗುಣಿಯನ್ನು ನನ್ನ ಮುಂದೆ ತಂದಿಟ್ಟು, ಎಡಗೈಯನ್ನು ಅದರಲ್ಲಿ ಮುಳುಗಿಸಿದಳು. ಕೈ ಮರಗಟ್ಟುವವರೆಗೆ ಎಲ್ಲರೂ ಕಾದರು. ತೆಗೆದು ಒರೆಸಿ ಈರಣ್ಣನಿಗೆ, "ಈಗ ಹಿಡಿಯಪ್ಪಾ," ಅಂದಳು. ಅವನು ಹಿಡಿದ. ನಾನು ಗಟ್ಟಿಯಾಗಿ ಒತ್ತಿ, ಬಿಡಲು ಹೋದೆ. ಕೈ ಬಿಡಲಿಲ್ಲ. ಅವನು ಜಗ್ಗಿದ. ಬಿಡಲಿಲ್ಲ. ಗೌರವ್ವ ಜೋಳ ಅಳೆಯುವಾಗಿನಂತೆ ಒಂದು ಎನ್ನುವ ಬದಲು ಲಾಭ ಎಂದು ಎಣಿಸತೊಡಗಿದಳು.

"ಲಾಭ, ಎರಡ, ಮೂರ..."

ಒಂಬತ್ತಕ್ಕೆ ನನ್ನ ಕಿರುಬೆರಳು ಬಿಚ್ಚಿತು. ಹನ್ನೊಂದಕ್ಕೆ ಕೈ ಬಿಟ್ಟಿತು. ಅಷ್ಟು ಹೊತ್ತು ಈರಣ್ಣ ನನ್ನ ಮುಖವನ್ನೇ ನೋಡುತ್ತಿದ್ದ, ನನ್ನ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಅವನು ಒಳಗೆ ಹೋಗಿ, ಒಂದು ಕಪ್ಪು ಬಿಸಿ ಚಹಾ ತಂದು ನನ್ನ ಅಂಗೈಗಳ ನಡುವೆ ಇಟ್ಟ. ಆಮೇಲೆ ಪಕ್ಕದಲ್ಲೇ ನಿಂತುಕೊಂಡ, ಕೈಕಟ್ಟಿ, ಕಣ್ಣು ತೆಗೆಯದೆ. ಸಂಶಯ ಇನ್ನೂ ಪೂರಾ ಹೋಗಿರಲಿಲ್ಲ. ನನಗೆ ಬೇಸರವಾಗಲಿಲ್ಲ, ನಾನೂ ಅದೇ ಬಳಗದವನು.

ಚಹಾ ಆರುವವರೆಗೆ ಕೂತೆ. ಮುಷ್ಟಿ ಮುಚ್ಚಿದೆ, ತೆಗೆದೆ, ಮುಚ್ಚಿದೆ, ತೆಗೆದೆ. ಹೆಂಗಸರು ನಗುತ್ತ ಹತ್ತರವರೆಗೆ ಎಣಿಸಿದರು. ಪೆಟ್ಟಿಗೆ ಬಿಚ್ಚಿ ಹಸಿರು ಬಳೆ ತೆಗೆದು ಕಣ್ಣೆತ್ತಿ ನೋಡಿದೆ. ಯಾರಾದರೂ ಮುಂದೆ ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಸವಿತಾ ಕೂಸನ್ನು ತಾಯಿಯ ತೊಡೆಯ ಮೇಲೆ ಮಲಗಿಸಿ, ಬಂದು ನನ್ನ ಎದುರಿಗೆ ಕೂತಳು. ಕೈಮೇಲೆ ಹಳೆಯ ಗೀರಿನ ಗುರುತು ಬಿಳಿಯ ದಾರದಂತೆ ಇನ್ನೂ ಇತ್ತು. ಅದೇ ಕೈಯನ್ನು ನನ್ನ ಎಡಗೈಯಲ್ಲಿ ಇಟ್ಟಳು.

"ಹಾಕ್ರಿ ಮಾಮಾ. ಈ ಸಲ ನೀವ ಬಿಡೂತನ ನಾ ಕೈ ಕೀಳೂದಿಲ್ಲ."